ಒಂದು ರೊಟ್ಟಿಯ ತೂಕವೆಷ್ಟು?

ಹುಬ್ಬಳ್ಳಿ-ಧಾರವಾಡದ ಯಾವ ಮನೆಯಲ್ಲಾದರೂ ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿ, ಉತ್ತರ ಥಟ್ಟನೆ ಬರುತ್ತದೆ. ಎರಡು, ಮೂರು, ಹೊಲಕ್ಕೆ ಹೋಗುವವರಾದರೆ ನಾಲ್ಕು. ಒಂದು ರೊಟ್ಟಿಗೆ ಎಷ್ಟು ಜೋಳದ ಹಿಟ್ಟು ಹಿಡಿಯುತ್ತದೆ ಎಂದು ಕೇಳಿದರೆ ಮಾತ್ರ ಮನೆಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಡಿಯುವ ಕೈಗೆ ಆ ಲೆಕ್ಕ ಗೊತ್ತು. ಆದರೆ ಆ ಕೈ ಅದನ್ನು ಎಂದೂ ತಕ್ಕಡಿಗೆ ಹಾಕಿಲ್ಲ. ತೆಳ್ಳಗೆ ಬಡಿದ ರೊಟ್ಟಿಗೆ 40 ಗ್ರಾಂ ಹಿಟ್ಟು ಸಾಕಾದರೆ, ದಪ್ಪ ರೊಟ್ಟಿಗೆ 60 ಗ್ರಾಂ ಬೇಕಾದೀತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ನಮ್ಮ ದೇಶದ 528 ಆಹಾರ ಪದಾರ್ಥಗಳ ಸತ್ವವನ್ನು ಅಳೆದು ಒಂದು ಕೋಷ್ಟಕ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, 10 ಗ್ರಾಂನಷ್ಟು ಪ್ರೊಟೀನ್. ಅಲ್ಲಿಗೆ ತೆಳುವಾದ ಮೂರು ರೊಟ್ಟಿ ತಿಂದವರ ಹೊಟ್ಟೆಗೆ 400 ಕ್ಯಾಲೊರಿ ಹೋದರೆ, ದಪ್ಪನೆಯ ಮೂರು ತಿಂದವರಿಗೆ 600. ಸಕ್ಕರೆ ಕಾಯಿಲೆ ಇರುವ ಇಬ್ಬರಿಗೆ ಒಂದೇ ಚೀಟಿಯಲ್ಲಿ 'ಹೊತ್ತಿಗೆ ಮೂರು ರೊಟ್ಟಿ' ಎಂದು ಬರೆದುಕೊಟ್ಟರೆ, ಇಬ್ಬರೂ ಚೀಟಿಯನ್ನು ಚಾಚೂ ತಪ್ಪದೆ ಪಾಲಿಸಿಯೂ ಒಬ್ಬರು ಇನ್ನೊಬ್ಬರಿಗಿಂತ ಒಂದೂವರೆ ಪಟ್ಟು ತಿಂದಿರುತ್ತಾರೆ. ಡಯಟೀಷಿಯನ್ ಆಗುವವರ ಓದು ಈ ವ್ಯತ್ಯಾಸದ ಮೇಲೆ ನಿಂತಿದೆ. ಏನು ತಿನ್ನಬೇಕು ಎಂದು ಹೇಳುವವರು ಓಣಿಗೊಬ್ಬರು ಸಿಗುತ್ತಾರೆ. ಎಷ್ಟು, ಯಾರಿಗೆ, ರೋಗದ ಯಾವ ಹಂತದಲ್ಲಿ ಎಂದು ಹೇಳುವುದಕ್ಕೆ ನಾಲ್ಕಾರು ವರ್ಷ ಕೂತು ಓದಬೇಕಾಗುತ್ತದೆ.

ನಮ್ಮಲ್ಲಿ ಇದಕ್ಕೆ ಹಳೆಯ ಶಬ್ದವೊಂದಿದೆ, ಪಥ್ಯ. ಬಳಕೆಯಲ್ಲಿ ಪಥ್ಯವೆಂದರೆ ಬ್ಯಾಡಗಳ ಪಟ್ಟಿ: ಬದನೆಕಾಯಿ ಬ್ಯಾಡ, ಆಲೂಗಡ್ಡೆ ಬ್ಯಾಡ, ಅನ್ನ ಬ್ಯಾಡ, ಶೇಂಗಾ ಅಂತೂ ಬ್ಯಾಡವೇ ಬ್ಯಾಡ. ಒಮ್ಮೆ ಹೇಳಿದ ಪಥ್ಯ ಸಾಯುವತನಕ ನಡೆಯುತ್ತದೆ, ಮನೆಯಿಂದ ಮನೆಗೂ ದಾಟುತ್ತದೆ. ಆದರೆ ಕಿಡ್ನಿ ಕಾಯಿಲೆಯನ್ನೇ ನೋಡಿ. ಮೂತ್ರಪಿಂಡ ಸೋಲುತ್ತಾ ಬಂದು, ಇನ್ನೂ ಡಯಾಲಿಸಿಸ್ ಶುರುವಾಗದ ಹಂತದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ 0.6ರಿಂದ 0.8 ಗ್ರಾಂ ಪ್ರೊಟೀನ್ ಸಾಕು ಎನ್ನುತ್ತಾರೆ. 60 ಕಿಲೋ ತೂಗುವವರಿಗೆ ದಿನಕ್ಕೆ 36ರಿಂದ 48 ಗ್ರಾಂ. ಹಾಗಾಗಿ ಬ್ಯಾಳಿ, ಕಾಳು, ಮೊಟ್ಟೆ ಎಲ್ಲ ಅಳತೆಗೆ ಬರುತ್ತವೆ. ಅದೇ ವ್ಯಕ್ತಿಗೆ ಡಯಾಲಿಸಿಸ್ ಶುರುವಾಯಿತೆನ್ನಿ. ರಕ್ತ ಸೋಸುವಾಗ ಪ್ರೊಟೀನ್ ಕೂಡ ಸೋರಿಹೋಗುತ್ತದೆ. ಈಗ ಕಿಲೋಗೆ 1ರಿಂದ 1.2 ಗ್ರಾಂ ಬೇಕು, ಅಂದರೆ 60ರಿಂದ 72 ಗ್ರಾಂ. ರೋಗಿ ಅವರೇ, ರೋಗ ಅದೇ, ಸಲಹೆ ಮಾತ್ರ ತಲೆಕೆಳಗು. ಹಳೆಯ ಪಥ್ಯವನ್ನೇ ಶ್ರದ್ಧೆಯಿಂದ ಹಿಡಿದು ಕೂತವರು ತಿಂಗಳುಗಟ್ಟಲೆ ಸ್ನಾಯು ಕರಗಿಸಿಕೊಂಡು ಸೊರಗುತ್ತಾರೆ. ನೋಡಲು ಬಂದವರು ಪ್ರೀತಿಯಿಂದ ತರುವ ಎಳನೀರಿನ ಕತೆಯೂ ಇಂಥದ್ದೇ. ಬಿಸಿಲಿಗೆ ಬಳಲಿದವರಿಗೆ ಅಮೃತವಾದ ಎಳನೀರಿನಲ್ಲಿ ಪೊಟ್ಯಾಶಿಯಂ ಹೇರಳ. ಅದನ್ನು ಹೊರಹಾಕಲಾಗದ ಮೂತ್ರಪಿಂಡದವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅವರ ಪಲ್ಯದ ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ಹೆಚ್ಚು ನೀರಲ್ಲಿ ಕುದಿಸಿ, ಆ ನೀರನ್ನು ಚೆಲ್ಲಬೇಕು. 'ಸತ್ವವೆಲ್ಲ ನೀರಿನಲ್ಲೇ ಇರುತ್ತದೆ, ಚೆಲ್ಲಬೇಡ' ಎಂದು ಹಿರಿಯರು ಕಲಿಸಿದ್ದಕ್ಕೆ ಇದು ನೇರ ವಿರುದ್ಧ. ಹಿರಿಯರು ಹೇಳಿದ್ದು ಸುಳ್ಳಲ್ಲ. ಸತ್ವ ನೀರಿಗೆ ಇಳಿಯುತ್ತದೆ ಎಂಬ ಕಾರಣಕ್ಕೇ ಅದನ್ನು ಚೆಲ್ಲುವುದು.

ಅಳತೆ ತಪ್ಪಿದರೆ ಅನ್ನವೇ ಪ್ರಾಣಕ್ಕೆ ಎರವಾಗುತ್ತದೆ ಎಂಬುದಕ್ಕೆ ಇನ್ನೂ ಕಠೋರವಾದ ಉದಾಹರಣೆ ತೀವ್ರ ಅಪೌಷ್ಟಿಕತೆಯ ಮಗು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿಗೆ ಸುತ್ತುವ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ಅದು ಕೆಂಪು ಗುರುತು. ಅಂಥ ಮಕ್ಕಳಲ್ಲಿ ಹೆಚ್ಚು ಅಸ್ವಸ್ಥರಾದವರನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ. ಒಣಗಿದ ಮಗುವನ್ನು ಕಂಡ ಯಾರಿಗಾದರೂ ಹೊಟ್ಟೆತುಂಬ ಉಣಿಸೋಣ ಎನಿಸುವುದು ಸಹಜ. ಹಾಗೆ ಮಾಡಿದರೆ ಮಗು ಸಾಯಬಹುದು. ಎಷ್ಟೋ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಸಕ್ಕರೆ, ಪಿಷ್ಟ ಸಿಕ್ಕರೆ ರಕ್ತದಲ್ಲಿನ ರಂಜಕ, ಪೊಟ್ಯಾಶಿಯಂಗಳು ದಿಢೀರನೆ ಜೀವಕೋಶಗಳ ಒಳಗೆ ನುಗ್ಗುತ್ತವೆ, ಹೃದಯ ಸೋಲುತ್ತದೆ. ಎರಡನೇ ಮಹಾಯುದ್ಧ ಮುಗಿದಾಗ ಬಿಡುಗಡೆಯಾದ ಕೈದಿಗಳು ಊಟ ಸಿಕ್ಕ ಮೇಲೆ ಸತ್ತದ್ದನ್ನು ಕಂಡು ವೈದ್ಯಲೋಕ ಈ ಪಾಠ ಕಲಿಯಿತು. ಆದ್ದರಿಂದ ಮೊದಲ ಕೆಲವು ದಿನ ಆ ಮಗುವಿಗೆ ಎಫ್-75 ಎಂಬ ತೆಳುವಾದ ಹಾಲಿನ ಮಿಶ್ರಣ, 100 ಮಿಲಿಗೆ 75 ಕ್ಯಾಲೊರಿಯದ್ದು, ಹಗಲು ರಾತ್ರಿ ಎನ್ನದೆ ಎರಡು-ಮೂರು ತಾಸಿಗೊಮ್ಮೆ. ಹಸಿವು ಚಿಗುರಿದ ಮೇಲೆ 100 ಕ್ಯಾಲೊರಿಯ ಎಫ್-100. ಈ ಮಿಶ್ರಣಗಳ ಪದಾರ್ಥಗಳಲ್ಲಿ ವಿಶೇಷವೇನಿಲ್ಲ. ಹಾಲು, ಸಕ್ಕರೆ, ಎಣ್ಣೆ, ಅಕ್ಕಿಯದೋ ಮಂಡಕ್ಕಿಯದೋ ಹಿಟ್ಟು, ಜತೆಗೆ ಲವಣ ಮತ್ತು ಜೀವಸತ್ವ. ಅಡುಗೆಮನೆಯಲ್ಲಿ ಸಿಗುವ ಸಾಮಾನೇ ಔಷಧವಾಗುವುದು ಅಳತೆಯಿಂದ, ಹೊತ್ತಿನಿಂದ.

ಈ ಅಳತೆ ಕಲಿಸುವ ಓದಿಗೆ ಧಾರವಾಡದಲ್ಲಿ ಅರ್ಧ ಶತಮಾನದ ಬೇರು ಇದೆ, ಅದೂ ಆಸ್ಪತ್ರೆಯ ನೆಲದಲ್ಲಲ್ಲ, ಹೊಲದ ನೆಲದಲ್ಲಿ. ಎತ್ತಿನಗುಡ್ಡದ ಕ್ಯಾಂಪಸ್ಸಿನಲ್ಲಿ 1947ರಲ್ಲಿ ಕೃಷಿ ಕಾಲೇಜು ಬಂತು; 1974ರಲ್ಲಿ ಅದರ ಪಕ್ಕಕ್ಕೆ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ; 1986ರಲ್ಲಿ ಇವೆಲ್ಲ ಸೇರಿ ಧಾರವಾಡ ಕೃಷಿ ವಿಶ್ವವಿದ್ಯಾಲಯವಾಯಿತು. ಗೃಹವಿಜ್ಞಾನವೆಂದರೆ ಹೆಣ್ಣುಮಕ್ಕಳಿಗೆ ಅಡುಗೆ, ಹೊಲಿಗೆ ಕಲಿಸಿ ಮದುವೆಗೆ ಅಣಿಮಾಡುವ ಓದು ಎಂಬ ಹಣೆಪಟ್ಟಿ ಬಹುಕಾಲ ಹೋಗಲಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಐದನೇ ಡೀನ್‌ಗಳ ಸಮಿತಿ ಪದವಿಯ ಹೆಸರನ್ನೇ ಬದಲಿಸಿ 'ಸಮುದಾಯ ವಿಜ್ಞಾನ' ಎಂದು ಕರೆಯಿತು. ಆಹಾರ, ಪೋಷಣೆ ಮತ್ತು ಪಥ್ಯಶಾಸ್ತ್ರಕ್ಕೆ ಪ್ರತ್ಯೇಕವಾದ ಬಿ.ಎಸ್ಸಿ. ಆನರ್ಸ್ ಪದವಿಯೂ ಪರಿಷತ್ತಿನ ಪಠ್ಯಕ್ರಮದೊಳಗೆ ಬಂತು. ಹೆಸರು ಬದಲಾದದ್ದಕ್ಕಿಂತ ಮುಖ್ಯವಾದದ್ದು, ಕೃಷಿ ವಿಶ್ವವಿದ್ಯಾಲಯದೊಳಗೆ ಇದ್ದುದರಿಂದ ಈ ಓದಿಗೆ ಸಿಕ್ಕ ಕಾಳಿನ ಪರಿಚಯ. ಗೋಧಿ ಹುಗ್ಗಿಗೂ ಮಾದಲಿಗೂ ಹೇಳಿ ಮಾಡಿಸಿದಂತಿರುವ ಸದಕ ಗೋಧಿಯ (ಖಪ್ಲಿ ಎಂದೂ ಕರೆಯುತ್ತಾರೆ) ಡಿಡಿಕೆ 1025, ಡಿಡಿಕೆ 1029 ತಳಿಗಳು ಹೊರಬಂದದ್ದು ಇದೇ ವಿಶ್ವವಿದ್ಯಾಲಯದಿಂದ. ತಳಿ ತೆಗೆದವರು ಒಂದು ಕಟ್ಟಡದಲ್ಲಿ, ಅದರ ಊಟ ಮಧುಮೇಹಿಗಳ ರಕ್ತದ ಸಕ್ಕರೆಯನ್ನು, ಕೊಬ್ಬನ್ನು ಏನು ಮಾಡುತ್ತದೆ ಎಂದು ಅಳೆದವರು ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ. ಪಟ್ಟಣದ ಎಷ್ಟೋ ಕಾಲೇಜುಗಳಲ್ಲಿ ಪಠ್ಯಪುಸ್ತಕದಲ್ಲಿ ಓಟ್ಸ್ ಓದಿ ಬರುವ ವಿದ್ಯಾರ್ಥಿಗೆ ಈ ಭಾಗ್ಯವಿಲ್ಲ.

ಆದರೆ ಕಾಳು ಬಲ್ಲವರಿಗೆ ಕಾಯಿಲೆಯೂ ಗೊತ್ತಾಗಬೇಕಲ್ಲ? ನನ್ನ ವಾದ ಇರುವುದು ಇಲ್ಲಿ. ಧಾರವಾಡದಲ್ಲಿ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಕಡೆಗೆ ಹೊರಟರೆ ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು ಬರುತ್ತದೆ; ರಾಯಾಪುರದಲ್ಲಿ ಶಾಲೆಯ ಮಕ್ಕಳಿಗೆ ಲಕ್ಷದ ಲೆಕ್ಕದಲ್ಲಿ ಬಿಸಿಯೂಟ ಬೇಯಿಸುವ ಅಕ್ಷಯ ಪಾತ್ರ ಸಂಸ್ಥೆಯ ಅಡುಗೆಮನೆ ಬರುತ್ತದೆ; ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ, ಉಣಕಲ್ ಕೆರೆ ದಾಟಿದ ಮೇಲೆ ವಿದ್ಯಾನಗರದಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾಗಿ, ಈಗಲೂ ಜನರ ಬಾಯಲ್ಲಿ ಕಿಮ್ಸ್ ಆಗಿರುವ ಆಸ್ಪತ್ರೆ. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದ ರೋಗಿಗಳು ಬುತ್ತಿ ಕಟ್ಟಿಕೊಂಡು ಬರುವ ದಾರಿ ಇದು. ಡಯಟೀಷಿಯನ್ ತಯಾರಾಗಬೇಕಾದದ್ದು ಈ ದಾರಿಯ ಎರಡೂ ತುದಿಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ದೇಶದಲ್ಲಿ ಈ ಓದು ಎರಡು ಪ್ರತ್ಯೇಕ ಕಾಲುವೆಗಳಲ್ಲಿ ಹರಿದಿದೆ. ಕೃಷಿ ಮತ್ತು ಗೃಹವಿಜ್ಞಾನದ ಕಾಲುವೆಯಲ್ಲಿ ಬಂದವರಿಗೆ ಹಳ್ಳಿ, ಅಂಗನವಾಡಿ, ಕಾಳು ಗೊತ್ತು; ವಾರ್ಡಿನ ಕೇಸ್ ಶೀಟ್ ಓದುವ ರೂಢಿ ಕಡಿಮೆ. ಆಸ್ಪತ್ರೆಯ ಕಡೆಯಿಂದ ಬಂದವರಿಗೆ ಪೊಟ್ಯಾಶಿಯಂ, ಅಲ್ಬುಮಿನ್ ಸಂಖ್ಯೆಗಳು ನಾಲಗೆಯ ತುದಿಯಲ್ಲಿ. ಪುಂಡಿಪಲ್ಯಕ್ಕೆ ಏನೇನು ಬೀಳುತ್ತದೆ, ಅಗಸಿ ಹಿಂಡಿಯಲ್ಲಿ ಉಪ್ಪೆಷ್ಟು ಎಂಬುದು ಗೊತ್ತಿರುವುದು ಅನುಮಾನ.

ಎರಡೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ಬಟ್ಟಲು ಅಂಬಲಿ ಸಾಕು. ಗುಟ್ಕಾ, ತಂಬಾಕಿನಿಂದ ಬಾಯಿಯ ಕ್ಯಾನ್ಸರ್ ತಂದುಕೊಂಡು ರೇಡಿಯೇಷನ್ ತೆಗೆದುಕೊಳ್ಳುತ್ತಿರುವವರಿಗೆ ಬಾಯೆಲ್ಲ ಹುಣ್ಣು. ಆಯುಷ್ಯವಿಡೀ ರೊಟ್ಟಿ ಮುರಿದು ತಿಂದವರಿಗೆ ಈಗ ರೊಟ್ಟಿಯ ಚೂರು ಗಾಜಿನಂತೆ ಚುಚ್ಚುತ್ತದೆ. ಮನೆಯವರು ಅಂಬಲಿ ಕೊಡುತ್ತಾರೆ, ಗಂಜಿ ಕೊಡುತ್ತಾರೆ. ತೊಡಕು ಇರುವುದು ಹಿಟ್ಟಿನ ಸ್ವಭಾವದಲ್ಲಿ: ಕುದಿಸಿದಾಗ ಪಿಷ್ಟ ನೀರು ಹೀರಿ ಉಬ್ಬುತ್ತದೆ, ಎರಡು ಚಮಚ ಹಿಟ್ಟಿಗೇ ಬಟ್ಟಲು ಗಟ್ಟಿಯಾಗುತ್ತದೆ. ನುಂಗಲಿ ಎಂದು ನೀರು ಬೆರೆಸಿದರೆ ಹೊಟ್ಟೆಗೆ ಹೋಗುವುದು ಬರೀ ನೀರು. ರೋಗಿ ದಿನವಿಡೀ ಕುಡಿಯುತ್ತಲೇ ಇಳಿಯುತ್ತಾ ಹೋಗುತ್ತಾರೆ. ಇದಕ್ಕೆ ಪರಿಹಾರ ಕಾಳಿನೊಳಗೇ ಇದೆ. ರಾಗಿಯನ್ನೋ ಗೋಧಿಯನ್ನೋ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಮೊಳೆಯುವಾಗ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಸರಪಳಿಗಳನ್ನು ತುಂಡರಿಸುತ್ತದೆ. ಗಂಜಿ ತೆಳ್ಳಗೇ ಉಳಿಯುತ್ತದೆ, ಅದೇ ಬಟ್ಟಲಿಗೆ ಮೊದಲಿಗಿಂತ ಬಹಳ ಹೆಚ್ಚು ಹಿಟ್ಟು ಹಿಡಿಸಬಹುದು. ಹುರಿಯುವುದು ಅತಿಯಾದರೆ ಕಿಣ್ವ ಸಾಯುತ್ತದೆ, ಮಾಡಿದ್ದು ದಂಡ. ಹಾಗಾದರೆ ನಮ್ಮ ಜೋಳವನ್ನೇ ಮೊಳಕೆ ಬರಿಸಬಾರದೇಕೆ ಎಂದು ಯಾರಾದರೂ ಕೇಳಿಯಾರು. ಎಳೆ ಜೋಳದ ಬೆಳೆ ಮೇಯ್ದ ದನ ಸಾಯುತ್ತದೆಂದು ರೈತರಿಗೆ ಗೊತ್ತು. ಸಯನೈಡ್ ಹುಟ್ಟಿಸುವ ಅದೇ ವಸ್ತು ಜೋಳದ ಮೊಳಕೆಯಲ್ಲೂ ಇರುತ್ತದೆ, ಒಣಗಿಸಿ ಮೊಳಕೆಯನ್ನು ಉದುರಿಸದೆ ಬಳಸುವಂತಿಲ್ಲ. ಇಷ್ಟು ಸಣ್ಣ ಸಲಹೆಯ ಹಿಂದೆ ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರ, ಕ್ಯಾನ್ಸರ್ ಚಿಕಿತ್ಸೆಯ ಅರಿವು, ಅಡುಗೆಮನೆಯ ಹದ ನಾಲ್ಕೂ ಇವೆ. ಒಂದು ತಪ್ಪಿದರೂ ಬಟ್ಟಲು ಕೆಡುತ್ತದೆ.

ಇಷ್ಟೆಲ್ಲ ಯಾಕೆ ಬೇಕು, ನಮ್ಮ ಅಜ್ಜಿಯರಿಗೆ ಯಾವ ಪದವಿ ಇತ್ತು ಎನ್ನುವವರಿದ್ದಾರೆ. ರೊಟ್ಟಿ, ಪಲ್ಯ, ಗುರೆಳ್ಳು ಚಟ್ನಿ, ಮಡಕಿ ಕಾಳು, ಮಜ್ಜಿಗೆ ಇರುವ ತಾಟಿನಲ್ಲಿ ಕೊರತೆಯೇನು? ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಧಾನ್ಯ ಮತ್ತು ಬೇಳೆಯ ಪ್ರೊಟೀನುಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುವ ಬಗೆ, ಎಣ್ಣೆಕಾಳಿನ ಹಿಂಡಿಗಳು, ಬಾಣಂತಿಗೆ ಅಂಟಿನ ಉಂಡಿ: ಇವೆಲ್ಲ ತಲೆಮಾರುಗಳು ತಿಂದು ನೋಡಿ ಕಟ್ಟಿದ ಜ್ಞಾನ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಕಂಡುಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ಅದೇ ಸಮೀಕ್ಷೆಯಲ್ಲಿ ಹೆಂಗಸರ ಪೈಕಿ ಶೇ. 30 ಮಂದಿಗೆ ತೂಕ ಹೆಚ್ಚು. ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮೈಯಲ್ಲಿ, ಬೊಜ್ಜೂ ಇದೆ ರಕ್ತದ ಕೊರತೆಯೂ ಇದೆ. ತಾಟಿನ ಲೆಕ್ಕ ಹಾಕಿ ನೋಡೋಣ. ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು. ಮೂರು ರೊಟ್ಟಿಯ 150 ಗ್ರಾಂ ಜೋಳದಿಂದ ಸಿಗುವುದು ಸುಮಾರು 6 ಮಿಲಿಗ್ರಾಂ. ಅದರಲ್ಲೂ ಜೋಳದ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಕಟ್ಟಿಹಾಕುವುದರಿಂದ ಮೈಗೆ ಹತ್ತುವುದು ಅಲ್ಪ ಪಾಲು. ಊಟವಾದ ಕೂಡಲೇ ಒಂದು ಕಪ್ ಚಹಾ ಇಳಿಸಿದರೆ ಅದರ ಟ್ಯಾನಿನ್ ಉಳಿದದ್ದನ್ನೂ ಹಿಡಿದುಕೊಳ್ಳುತ್ತದೆ. ಪಲ್ಯಕ್ಕೆ ಲಿಂಬೆ ಹಿಂಡಿ, ಚಹಾವನ್ನು ಒಂದು ತಾಸು ಮುಂದೂಡಿದರೆ ಅದೇ ತಾಟಿನಿಂದ ಹೆಚ್ಚು ಕಬ್ಬಿಣ ದಕ್ಕುತ್ತದೆ. ಅಜ್ಜಿಯ ತಾಟನ್ನು ಬದಲಿಸುವುದು ಓದಿದವರ ಕೆಲಸವಲ್ಲ. ಅದರೊಳಗೆ ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಇನ್ನೊಂದು ಮಾತು: ಅಜ್ಜಿ ಬೀಸುಕಲ್ಲು ತಿರುವುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ನಾಲ್ಕು ರೊಟ್ಟಿ ಅವರಿಗೆ ಸಲ್ಲುತ್ತಿತ್ತು. ಕೌಂಟರಿನಲ್ಲಿ ಕೂತ ಮೊಮ್ಮಗನಿಗೆ ಅದು ಪರಂಪರೆ ಹೌದು, ಊಟದ ಲೆಕ್ಕ ಅಲ್ಲ.

ಡಾಕ್ಟರೇ ಹೇಳಬಹುದಲ್ಲ ಎಂಬುದು ಇನ್ನೊಂದು ಮಾತು. ಹೇಳುತ್ತಾರೆ, ಹೇಳಬೇಕು. ಆದರೆ ಹೊರಗೆ ಸಾಲು ನಿಂತಿರುವಾಗ ಎರಡು ನಿಮಿಷದಲ್ಲಿ ಅವರು ಹೇಳಬಲ್ಲದ್ದು 'ಉಪ್ಪು ಕಡಿಮೆ ಮಾಡಿ, ಸಿಹಿ ಬಿಡಿ' ಎಂಬಷ್ಟೇ. ಡಯಟೀಷಿಯನ್ ಮಾಡುವುದು ತನಿಖೆ. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಇವತ್ತಿನವರೆಗೆ ಏನೇನು ಬಾಯಿಗೆ ಹೋಯಿತು ಎಂದು ಒಂದೊಂದೇ ಕೆದಕಬೇಕು. ಅಳತೆಯ ವಾಟಿ, ಚಮಚಗಳನ್ನು ಎದುರಿಗಿಟ್ಟು ತೋರಿಸಿ ಕೇಳಬೇಕು. ಜನ ಊಟ ಹೇಳುತ್ತಾರೆ, ನಾಲ್ಕು ಸಲ ಕುಡಿದ ಸಕ್ಕರೆ ಚಹಾ ಹೇಳುವುದಿಲ್ಲ. ಸಂಜೆಯ ಗಿರ್ಮಿಟ್ಟು-ಮಿರ್ಚಿ ಊಟದ ಲೆಕ್ಕಕ್ಕೆ ಬರುವುದೇ ಇಲ್ಲ, ಪ್ರಸಾದವೆಂದು ತಿಂದ ಪೇಢೆಯಂತೂ ಕೇಳಲೇಬಾರದು. ಮೊಬೈಲಿನ ಆ್ಯಪ್ ಈ ಕೆಲಸ ಮಾಡುತ್ತದೆ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಆ್ಯಪಿಗೆ ನೀವು ಹೇಳಿದ್ದು ಮಾತ್ರ ಗೊತ್ತಾಗುತ್ತದೆ.

ಇಷ್ಟು ಹೊಣೆಯ ಕೆಲಸಕ್ಕೆ ನಮ್ಮಲ್ಲಿ ಬಹುಕಾಲ ಕಾನೂನಿನ ಬೇಲಿಯೇ ಇರಲಿಲ್ಲ. ಮೂರು ವಾರದ ಸರ್ಟಿಫಿಕೇಟು ಪಡೆದವರು, ಡಬ್ಬಿಯ ಪುಡಿ ಮಾರುವವರು ಎಲ್ಲರೂ ಬೋರ್ಡಿನಲ್ಲಿ ಡಯಟೀಷಿಯನ್ ಎಂದು ಬರೆದುಕೊಳ್ಳಬಹುದಾಗಿತ್ತು. 1963ರಲ್ಲಿ ಹುಟ್ಟಿದ ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ಪರೀಕ್ಷೆ ನಡೆಸಿ 'ನೋಂದಾಯಿತ ಡಯಟೀಷಿಯನ್', ಅಂದರೆ ಆರ್‌ಡಿ, ಎಂಬ ಮನ್ನಣೆ ಕೊಡುತ್ತಾ ಬಂದಿದೆ. ಸ್ನಾತಕೋತ್ತರ ಓದು, ಆಸ್ಪತ್ರೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಮುಗಿಸಿದವರು ಆ ಪರೀಕ್ಷೆ ಬರೆಯುತ್ತಾರೆ. ಆ ಮನ್ನಣೆ ಗೌರವದ ಮುದ್ರೆ, ಕಾನೂನಿನ ಕಡ್ಡಾಯವಲ್ಲ. 2021ರಲ್ಲಿ ಸಂಸತ್ತು ಒಪ್ಪಿದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಡಯಟೀಷಿಯನ್ನರನ್ನೂ ಪೋಷಣಾ ತಜ್ಞರನ್ನೂ ಹೆಸರಿಸಿ ತನ್ನ ಪಟ್ಟಿಗೆ ಸೇರಿಸಿತು. ಅದರ ಪ್ರಕಾರ ಆರೋಗ್ಯ ವೃತ್ತಿಪರರ ಪದವಿ ಕನಿಷ್ಠ 3,600 ತಾಸಿನದು, ಮೂರರಿಂದ ಆರು ವರ್ಷದ್ದು ಆಗಿರಬೇಕು. 2025ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಈ ಕಾಯಿದೆಯ ಅಡಿಗೆ ಬರುವ ವಿಷಯಗಳನ್ನು ಅಂಚೆ ಮತ್ತು ಆನ್‌ಲೈನ್ ಶಿಕ್ಷಣದಲ್ಲಿ ಕಲಿಸುವುದನ್ನು ನಿಲ್ಲಿಸಿತು. ಕ್ಲಿನಿಕಲ್ ಪೋಷಣೆ ಮತ್ತು ಪಥ್ಯಶಾಸ್ತ್ರವೂ ಅದರಲ್ಲಿ ಸೇರಿದೆ. ಮನೆ ನೋಡಿಕೊಂಡು ದೂರಶಿಕ್ಷಣದಲ್ಲಿ ಓದಬೇಕೆಂದಿದ್ದ ಎಷ್ಟೋ ಹೆಣ್ಣುಮಕ್ಕಳಿಗೆ ಇದರಿಂದ ಬಾಗಿಲು ಮುಚ್ಚಿತು ಎಂಬ ದೂರು ನ್ಯಾಯವಾದದ್ದೇ. ಆದರೂ ನಿರ್ಧಾರ ಸರಿ ಎನ್ನುತ್ತೇನೆ. ಮೂಗಿನ ನಳಿಕೆಯಿಂದ ಆಹಾರ ಹೋಗುತ್ತಿರುವ ರೋಗಿಯ ಹಾಸಿಗೆಯ ಪಕ್ಕ ನಿಲ್ಲದೆ ಆ ಆಹಾರದ ಲೆಕ್ಕ ಕಲಿಯಲಾಗದು. ಬಾಗಿಲು ಮುಚ್ಚಿದ್ದಕ್ಕೆ ಉತ್ತರ ಧಾರವಾಡದಂಥ ಊರುಗಳಲ್ಲಿ ಸೀಟು ಮತ್ತು ಹಾಸ್ಟೆಲ್ಲು ಹೆಚ್ಚಿಸುವುದು.

ಸಂಬಳದ ಮಾತನ್ನು ಮುಚ್ಚಿಡುವುದು ಓದಲು ಹೊರಟ ಮಕ್ಕಳಿಗೆ ಮಾಡುವ ಮೋಸ. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದು ಐದಾರು ವರ್ಷ ಓದಿದವರಿಗೆ ಮೊದಲ ನೌಕರಿಯಲ್ಲಿ ಸಿಗುವುದು ಹೇಳಿಕೊಳ್ಳುವಂಥದ್ದಲ್ಲ. ಸರ್ಕಾರಿ ಹುದ್ದೆಗಳು ಕಡಿಮೆ, ಇರುವುದರಲ್ಲಿ ಗುತ್ತಿಗೆಯವೇ ಹೆಚ್ಚು. ಆಸ್ಪತ್ರೆಯಲ್ಲಿ ಡಯಟೀಷಿಯನ್ ಹುದ್ದೆ ಗುಣಮಟ್ಟದ ಪ್ರಮಾಣಪತ್ರಕ್ಕಾಗಿ ಭರ್ತಿಯಾದರೆ ಆ ಒಬ್ಬರ ದಿನವೆಲ್ಲ ಅಡುಗೆಮನೆಯ ಟ್ರೇ ಎಣಿಸುವುದರಲ್ಲೇ ಮುಗಿಯುತ್ತದೆ. ಇದನ್ನೇ ಹಿಡಿದು ಈ ಓದು ಬೇಡ ಎನ್ನುವವರಿಗೆ ನಾನು ಕೇಳುವುದು: ಕೆಲಸ ಕಡಿಮೆಯೋ, ಕೆಲಸಕ್ಕೆ ಹುದ್ದೆ ಕಡಿಮೆಯೋ? ದೇಶದಲ್ಲಿ 10 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಹೇಳಿತು. ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನ್, ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೊಟೀನ್ ಇರಬೇಕೆಂದು ನಿಯಮ ಇದೆ. ಅಡುಗೆ ಮಾಡಿ ಬಡಿಸಿದ ಮೇಲೆ ಅಷ್ಟು ತಾಟಿಗೆ ಬಿತ್ತೇ, ಬಿದ್ದದ್ದನ್ನು ಮಗು ತಿಂದಿತೇ ಎಂದು ನೋಡುವವರು ತಾಲೂಕಿಗೊಬ್ಬರಾದರೂ ಬೇಡವೇ? ಔಷಧದ ಅಂಗಡಿಗೆ ಫಾರ್ಮಸಿಸ್ಟ್ ಕಡ್ಡಾಯ ಮಾಡಿದ ನಾವು ಸಾವಿರ ಮಕ್ಕಳ ಊಟಕ್ಕೆ ಓದಿದವರೊಬ್ಬರನ್ನು ಕಡ್ಡಾಯ ಮಾಡಿಲ್ಲ.

ಸಿರಿಧಾನ್ಯದ ಅಬ್ಬರದ ಈ ದಿನಗಳಲ್ಲಿ ಧಾರವಾಡದಲ್ಲಿ ಓದುವವರಿಗೆ ಇನ್ನೊಂದು ಕಷ್ಟವೂ ಇದೆ. ಸಾವಿ ತಿಂದರೆ ಸಕ್ಕರೆ ಕಾಯಿಲೆಯೇ ಹೋಗುತ್ತದೆ, ನವಣೆ ತಿಂದರೆ ಮಾತ್ರೆ ಬಿಡಬಹುದು ಎಂಬ ಭಾಷಣಗಳಿಗೆ ಚಪ್ಪಾಳೆ ಬೀಳುವಾಗ, ಆ ಕಾಳುಗಳ ಮೇಲೇ ಕೆಲಸ ಮಾಡಿದ ವಿಶ್ವವಿದ್ಯಾಲಯದ ವಿದ್ಯಾರ್ಥಿ ಎದ್ದು 'ಒಳ್ಳೆಯ ಧಾನ್ಯ ಹೌದು, ನಾರು ಹೆಚ್ಚು ಹೌದು, ಆದರೆ ಅದೂ ಪಿಷ್ಟವೇ, ಅಳತೆ ಅದಕ್ಕೂ ಉಂಟು, ಮಾತ್ರೆ ಬಿಡಬೇಡಿ' ಎಂದರೆ ಯಾರಿಗೂ ರುಚಿಸುವುದಿಲ್ಲ. ಸಪ್ಪೆ ಉತ್ತರ ಕೊಡುವ ಧೈರ್ಯ ಯಾವ ಸೆಮಿಸ್ಟರಿನ ಪಠ್ಯದಲ್ಲೂ ಇಲ್ಲ, ಆದರೂ ವೃತ್ತಿಯ ಮೊದಲ ದಿನದಿಂದಲೇ ಬೇಕಾಗುತ್ತದೆ.

ಆ ಮೊದಲ ದಿನ ವಾರ್ಡಿನಲ್ಲಿ ರೋಗಿಯ ಹಾಸಿಗೆಯ ಬಳಿ ಕೂತ ಹೆಣ್ಣುಮಗಳನ್ನು ಮಾತಾಡಿಸಬೇಕು. ನಿಮ್ಮ ರೊಟ್ಟಿ ಎಷ್ಟು ಗ್ರಾಂ ಎಂದು ಕೇಳಿದರೆ ಅವರು ನಕ್ಕಾರು. ಕೇಳಬೇಕಾದ ರೀತಿಯೇ ಬೇರೆ: 'ಅಕ್ಕಾ, ಒಂದು ಕಿಲೋ ಹಿಟ್ಟಿಗೆ ನಿಮ್ಮ ಕೈಯಾಗ ಎಷ್ಟು ರೊಟ್ಟಿ ಆಗತಾವ್ರೀ?' ಹದಿನೆಂಟು, ಇಲ್ಲಾ ಇಪ್ಪತ್ತು ಎಂದು ತಡವರಿಸದೆ ಉತ್ತರ ಬರುತ್ತದೆ. ಸಾವಿರವನ್ನು ಇಪ್ಪತ್ತರಿಂದ ಭಾಗಿಸಿದರೆ ರೊಟ್ಟಿಗೆ 50 ಗ್ರಾಂ. ಮುಂದಿನ ಪ್ರಶ್ನೆ, ಅವರ ಯಜಮಾನರು ಎಷ್ಟು ತಿನ್ನುತ್ತಾರೆ ಎಂಬುದಲ್ಲ. ಎಲ್ಲರದೂ ಆದ ಮೇಲೆ ಬುಟ್ಟಿಯಲ್ಲಿ ನಿಮಗೆ ಎಷ್ಟು ಉಳಿಯುತ್ತವೆ ಎಂಬುದು.